ಜಟಗನಿಗೆ ಹೇಳ್ಕಂಡ ಬಾಟ್ಲಿ

ಒಳಗಿನ ಕದ ಎಳಿ ತಂಗಿ, ಮೆಲ್ಲ. ಪೂರ್ತಿ ಹಾಕ್ಬೇಡ, ಪೂರ್ತಿ ಹಾಕಿದ್ರೆ ನಿಮ್ಮಮ್ಮಂಗೆ ಅನುಮಾನ ಬರ್ತದೆ. ಹತ್ರ ಬನ್ನಿ ಮಕ್ಳೇ, ಇನ್ನೂ ಹತ್ರ. ಈಗ ಹೇಳೂದು ಈ ಜಗಲಿ ಮೆಟ್ಲು ಇಳೀಬಾರ್ದು, ನನ್ನಾಣೆ. ನಿಮ್ಮಮ್ಮ ನಾ ಹೆತ್ತ ಮಗಳೇ ಹೌದು, ಆದ್ರೆ ಅವಳ ಹೊಟ್ಟೇಲಿ ಒಂದು ಮಾತು ಒಂದು ಹೊತ್ತು ನಿಲ್ಲೂದಿಲ್ಲ, ಯಾರನ್ನ ಹೋಲ್ತಳೋ ಏನೋ. ನಿಮ್ಮ ಮಾದೇವ ಮಾವ ಕುಡೀತಿದ್ದ ಅಂಬೂದಲ್ಲ ಮತ್ತೆ, ಅದು ಈ ಕೇಣಿ ಊರಿನ ನಾಯಿ ಬೆಕ್ಕಿಗೂ ಗೊತ್ತದೆ. ನಾ ಹೇಳೂದು ಬೇರೆ. ಅದು ಕಡೇಗೆ ಬರ್ತದೆ, ನಡುವೆ ಎದ್ದು ಹೋದವ್ರಿಗೆ ಸಿಕ್ಕೂದಿಲ್ಲ.

ಮಾದೇವ ಅಂದ್ರೆ ನನ್ನ ಒಬ್ಬನೇ ಮಗ, ದೋಣಿ ಇಂಜಿನ್ ರಿಪೇರಿ ಮಾಡೂನು. ಅವ್ನ ಕೈ ಅಂದ್ರೆ ಕೈ. ಕೆಮ್ಮೂ ಇಂಜಿನ್ನಿಗೆ ಕಿವಿ ಕೊಟ್ಟು ಇಂಥಾ ಕಡೆ ಕೆಟ್ಟದೆ ಅಂತಿದ್ದ. ಆದ್ರೆ ದೋಣಿಯೋರು ಕೆಲ್ಸ ಮುಗಿದ ಕೂಡ್ಲೆ ಕೈಗೆ ಸಾರಾಯಿ ಪ್ಯಾಕೀಟು ಇಡ್ತಿದ್ರು, ಆಗ ಪ್ಯಾಕೀಟು ಇನ್ನೂ ಸಿಕ್ತಿತ್ತು, ಸರ್ಕಾರದವ್ರು ಅದನ್ನ ನಿಲ್ಸಿದ್ದು ಆಮೇಲೆ. ಮೊದ್ಲು ಕೆಲ್ಸ ಮುಗಿಸಿ ಕುಡೀತಿದ್ದ, ಆಮೇಲೆ ಕೆಲ್ಸಕ್ಕೆ ಮೊದ್ಲು, ಆಮೇಲೆ ಕೆಲ್ಸವೇ ಇಲ್ಲ. ಬೇಲಿ ಆಚೆಯ ಗುಲಾಬಿ ಗಂಡ ಹಾಗೇ ಕುಡ್ದು ಸತ್ತಿದ್ದ, ಹೊಟ್ಟೆ ಕೊಡಪಾನದ ಹಾಗೆ ಉಬ್ಬಿ. ಹೆಂಡ್ತಿ ನಾಲಿಗೆಗೆ ಹೆದರಿ ಕುಡ್ದ ಅಂತ ಊರೆಲ್ಲ ಆಡ್ಕಂಡ್ರು. ಊರೆಲ್ಲ ಅಂದ್ರೆ, ನಾನೂ ಹೇಳಿದ್ದೆ, ಸುಳ್ಳೇನಲ್ಲ, ಗುಲಾಬಿ ಬಾಯಿ ಅಷ್ಟಿಷ್ಟಲ್ಲ. ಈಗ ಅದೇ ಕಾಯಿಲೆ ನನ್ನ ಮನೆ ಅಂಗಳದಲ್ಲಿ ಬಂದು ಕೂತ್ರೆ ನಾ ಯಾರ ಎದ್ರು ಮುಖ ತೋರ್ಸೂದು? ಒಂದಿನ ಬೆಳಗಾಗಿ ಮಾದೇವ ಬಾವಿಕಟ್ಟೆ ಹತ್ರ ರಕ್ತ ಕಾರ್ದ. ಅವ್ನ ಹೆಂಡ್ತಿ ಸುಮಿತ್ರ ಕೂಗ್ಲಿಲ್ಲ, ಅಳ್ಲಿಲ್ಲ, ಅದರ ಮೇಲೆ ಒಂದು ಬಿಂದಿಗೆ ನೀರು ಹೊಯ್ದು, ಒಳಗೆ ಹೋಗಿ ಚೀಲ ತುಂಬಿದ್ಲು. ತೆಂಕಣ ಬದಿಗೆ ಕುಡಿತ ಬಿಡಿಸೂ ಆಸ್ಪತ್ರೆ ಒಂದದೆ, ಅಲ್ಲಿಗೆ ಹೋಗ್ವ ಅಂದ್ಲು. ಅಂಕೋಲಾ ಬಸ್‌ಸ್ಟಾಂಡಿನಲ್ಲಿ ಪರಿಚಯದವ್ರು ಸಿಕ್ಕಿ, "ಎಲ್ಲಿಗೆ ದೇವಕ್ಕಾ, ಮನೆಯೋರೆಲ್ಲ ಹೊರಟ್ರಲ್ಲ?" ಅಂದ್ರೆ "ಹೆಣ್ಣು ಕಾಣೂಕೆ" ಅಂದೆ. ಯಾರಿಗೆ ಹೆಣ್ಣು? ಬಾಯಿಗೆ ಬಂತು, ಹೇಳ್ದೆ. ಮದ್ವೆಯಾದ ಮಗನ್ನ ಪಕ್ಕಕ್ಕೆ ನಿಲ್ಸ್ಕಂಡು ಹೆಣ್ಣು ಕಾಣೂಕೆ!

ಆ ಆಸ್ಪತ್ರೇಲಿ ಅಂವ ಪಟ್ಟ ಪಾಡು ಹೇಳ್ಬಾರ್ದು. ಮೈಮೇಲೆ ಇರುವೆ ಹರೀತದೆ ಅಂತ ಕೆರ್ಕಂಡು ಚರ್ಮ ಕಿತ್ಕಂಡಿದ್ದ. ಬಿಟ್ಟು ಕಳ್ಸುವಾಗ ಅಲ್ಲಿಯ ಮೇಡಂ, ನಿಮ್ಮಮ್ಮನ ಪ್ರಾಯದವ್ಳು, ನನ್ನ ಕೂರ್ಸ್ಕಂಡು ಹೇಳಿದ್ಲು: "ಅಮ್ಮಾ, ಇವ್ರನ್ನ ಹಳೇ ಜಾಗಕ್ಕೆ ಕರ್ಕೊಂಡು ಹೋಗ್ಬೇಡಿ, ಹಳೇ ಗೆಳೆಯರು ಬೇಡ. ಒಂದು ಚಮಚ ಒಳಗೆ ಹೋದ್ರೂ ಮತ್ತೆ ಮೊದಲಿಂದ ಶುರು. ಇನ್ನೊಂದು ಸಲ ಆದ್ರೆ ಇವ್ರ ಲಿವರ್ ತಡೆಯೋದಿಲ್ಲ." ಹಾಗಾಗಿ ಸೀದಾ ಕಾರವಾರದ ಹತ್ರದ ಬಿಣಗಾಕ್ಕೆ ಹೋದ್ವಿ. ಅಲ್ಲಿ ಹೈವೇ ಬದಿಗೆ ಲಾರಿ ಗ್ಯಾರೇಜಿನಲ್ಲಿ ಅವನಿಗೆ ಕೆಲ್ಸ, ಸಾಲುಮನೆಯಲ್ಲಿ ಒಂದು ಖೋಲಿ. ಅದರಲ್ಲೇ ಒಲೆ, ಅದರಲ್ಲೇ ಹಾಸ್ಗೆ. ಲಾರಿ ಹೋದ್ರೆ ಡಬ್ಬದಲ್ಲಿದ್ದ ಅಕ್ಕಿ ಸಮೇತ ನಡುಗ್ತಿತ್ತು. ಹುಟ್ಟಿದಾಗಿಂದ ಮೀನು ದುಡ್ಡು ಕೊಟ್ಟು ತಿಂದವಳಲ್ಲ ನಾನು, ಅಲ್ಲಿ ಕಾರವಾರ ಪ್ಯಾಟೆಯಿಂದ ಬಂದ ಐಸಿನ ಬಂಗಡೆ, ಕಣ್ಣು ನೋಡಿದ್ರೆ ನನಗಿಂತ ಮುದಿ. ಅದೆಲ್ಲ ತಡ್ಕಂಬೂದು. ತಡೀಲಿಕ್ಕೆ ಆಗದೇ ಇದ್ದದ್ದು ಎಂತದು ಗೊತ್ತದ್ಯಾ? ಮಾತು! ಈ ಬದಿಯವ್ರು ಕೊಂಕಣಿ, ಆ ಬದಿಯವ್ರು ತೆಲುಗೋ ಏನೋ. ಯಾರ ಮಗಳು ಯಾರ ಜೊತೆ ಹೋದ್ಲು, ಯಾರ ಮನೇಲಿ ಅತ್ತೆ ಸೊಸೆಗೆ ಒಲೆ ಬೇರೆ ಆಯ್ತು, ಒಂದೂ ಗೊತ್ತಾಗೂದಿಲ್ಲ. ಮಾದೇವ ಗ್ಯಾರೇಜಿಗೆ ಹೋದ್ರೆ ಖೋಲಿಯಲ್ಲಿ ನಾ ಗೋಡೆ ನೋಡ್ಕಂಡು ಕೂತ್ಕಂಬೂದು. ಕೇಣಿಗೆ ಬಂದಾಗ ಮಾತ್ರ "ನಮ್ಮ ಮಾದೇವಂಗೆ ಕಾರ್ಖಾನೇಲಿ ಪರ್ಮನೆಂಟ್ ಆಯ್ತು" ಅಂತ ಹೇಳ್ಕಂಡು ತಿರುಗ್ದೆ. ಹೇಳಿದ್ದೇ ತಪ್ಪಾಯ್ತು ಕಾಣ್ತದೆ, ಅಲ್ಲ ತಪ್ಪೇನಲ್ಲ, ಮತ್ತೆಂತ ಹೇಳೂದು? ಒಬ್ಬ ಬಂದು, "ದೇವಕ್ಕಾ, ನಮ್ಮ ಹುಡುಗಂದೂ ಒಂದು ಮಾತು ಹಾಕ್ಸಿ" ಅಂದ. "ಈಗ ಭರ್ತಿ ಮುಗೀತು, ಮುಂದಿನ ಸಲ ನೋಡ್ವ" ಅಂತ ನಾ ಸಾಹೇಬನ ಹಾಗೆ ಹೇಳಿ ಕಳ್ಸ್ದೆ.

ಈಗ ಹರಕೆ ವಿಷಯ. ಮಾದೇವ ರಕ್ತ ಕಾರಿದ ದಿನವೇ ನಾ ನಮ್ಮ ಕೇರಿ ಗಡಿ ಕಾಯೂ ದೇವ್ರು ಜಟಗನ ಕಲ್ಲಿಗೆ ಕೈಮುಗ್ದು, "ನನ್ನ ಮಗಂಗೆ ಕುಡಿತ ಬಿಡ್ಸು ತಂದೆ, ಒಂದು ಹುಂಜ, ಒಂದು ಬಾಟ್ಲಿ ಕೊಡ್ತೆ" ಅಂತ ಹೇಳ್ಕಂಡಿದ್ದೆ. ನಗ್ಬೇಡಿ! ಕುಡಿತ ಬಿಡ್ಸೂಕೆ ಬಾಟ್ಲಿ ಹೇಳ್ಕಂಬೂದಾ ಅಂತ ಸುಮಿತ್ರನೂ ಹೀಗೇ ಕೇಳಿದ್ಲು, ಆದ್ರೆ ಅವ್ಳು ನಗಾಡ್ದೆ ಕೇಳಿದ್ಲು. ಜಟಗ ತೀರ್ಥಕ್ಕೆ ಬಾಟ್ಲಿ ಕೇಳೂ ದೇವ್ರು, ಅವನಿಗೆ ಬಾಳೆಹಣ್ಣು ಹೇಳ್ಕಂಡ್ರೆ ಎದ್ದು ಬರ್ತನಾ? ಆ ಮಳೆಗಾಲ ಕಳೀತು, ಮಾದೇವ ಮುಟ್ಲಿಲ್ಲ. ಗಲ್ಲಕ್ಕೆ ಮಾಂಸ ಬಂತು. ಆಗ ನನ್ನ ಕಾಲು ಊದೂಕೆ ಶುರುವಾಯ್ತು. ಜಟಗ ಹರಕೆ ನೆನಪು ಮಾಡ್ತಿದ್ದ ಅಂತ ನನಗೆ ಗೊತ್ತಾಯ್ತು. ಸುಮಿತ್ರ, "ಅತ್ತೆ, ಬಾಟ್ಲಿ ಬದ್ಲು ಎರಡು ಹುಂಜ ಕೊಡ್ವ" ಅಂದ್ಲು. "ಜಟಗನ ಹತ್ರ ಚೌಕಾಸಿ ಮಾಡ್ತ್ಯಾ, ಇದೇನು ಮೀನು ಪ್ಯಾಟೆಯಾ?" ಅಂದೆ. ಮಾದೇವ ತಲೆ ಎತ್ತದೆ, "ಅವ್ವಿ, ಅಲ್ಲಿ ಮೊದ್ಲ ತೀರ್ಥ ನನಗೇ ಕೊಡ್ತ್ರು" ಅಂದ. "ಕೊಟ್ರೆ ತುಟಿಗೆ ತಾಗ್ಸಿ ಬಿಡು, ದೇವ್ರದ್ದು ಎಂತ ಮಾಡ್ತದೆ" ಅಂದೆ.

ಒಂದು ಮಂಗ್ಳವಾರ ಕೇಣಿಗೆ ಬಂದ್ವಿ. ಬಿಸಿಲೇರಿತ್ತು, ಕೇರಿಯವ್ರೆಲ್ಲ ಸೇರಿದ್ರು, ಪರ್ಮನೆಂಟ್ ಆದವ್ನ ಹರಕೆ ಅಲ್ವಾ, ಹುಂಜದ ಸಾರು ಸಿಕ್ತದೆ. ಪೂಜೆ ಮಾಡೂ ಗುನಗ ಹುಂಜ ಕೊಯ್ದ, ಬಾಟ್ಲಿ ಮುಚ್ಚಳ ತೆಗ್ದ, ಕಲ್ಲಿನ ಮೇಲೆ ಹೊಯ್ದ. ಆ ವಾಸ್ನೆ ಬಂದದ್ದೇ ಬಂದದ್ದು, ಮಾದೇವನ ಗಂಟ್ಲು ಮೇಲೆ ಕೆಳಗೆ ಆಡೂದು ನಾ ನಿಂತಲ್ಲಿಂದ ಕಂಡೆ. ಉಳ್ದದ್ದನ್ನ ಗುನಗ ಒಡ್ದ ತೆಂಗಿನಕಾಯಿ ಕಡಿಗೆ ಹಾಕಿ, "ಹಿಡಿ ಮಾದೇವ, ಹರಕೆ ನಿನ್ನ ಹೆಸರಲ್ಲಿ ಅದೆ, ನೀ ಮುಟ್ಟದೆ ಬೇರೆಯವ್ರು ಮುಟ್ಟೂಹಾಗಿಲ್ಲ" ಅಂದ. ಮಾದೇವ ಎರಡೂ ಕೈಯಲ್ಲಿ ಕಡಿ ಹಿಡ್ಕಂಡ. "ನನಗೆ... ಡಾಕ್ಟ್ರು..." ಅಂದ. "ಡಾಕ್ಟ್ರಾ? ಯಾವ ಡಾಕ್ಟ್ರು? ಎಂತ ಆಯ್ತು ನಿನಗೆ?" ಅಂದ ಗುನಗ. ಕೇರಿ ಪೂರ್ತಿ ಕಿವಿ ನೆಟ್ಟಗೆ ಮಾಡ್ತು. ಮಾದೇವ ನನ್ನ ಬದಿಗೆ ಕಂಡ. ನಾ ಹುಂಜದ ಬದಿಗೆ ಕಂಡೆ. ಮತ್ತೆಂತ ಮಾಡೂದು ಹೇಳಿ? ಬಾಯಿ ತೆಗೆದ್ರೆ ಆಸ್ಪತ್ರೆ, ಖೋಲಿ, ಪರ್ಮನೆಂಟು, ಎಲ್ಲ ಹೊರಗೆ ಬೀಳ್ತದೆ. ಅಂವ ಕಡಿ ಎತ್ತಿದ. ತುಟಿಗೆ ಇಷ್ಟೇ ಇತ್ತು, ಗುಲಾಬಿ ನುಗ್ಗಿ ಬಂದು ಅವ್ನ ಕೈಗೆ ಬಡ್ದು ಕಡಿ ನೆಲಕ್ಕೆ ಬೀಳ್ಸಿದ್ಲು. "ಇಂವ ಕುಡಿತ ಬಿಡಿಸೂ ಆಸ್ಪತ್ರೇಲಿ ಬಿದ್ದು ಎದ್ದು ಬಂದವ! ಒಂದು ಗುಟುಕು ಹೋದ್ರೆ ಸಾಯ್ತ! ಜಟಗಂಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ, ನನ್ನ ಮನೇಲಿ ಕೊಂಡೊಯ್ಯೂಕೆ ಯಾರೂ ಉಳೀಲಿಲ್ಲ!" ಅಂತ ಕೂಗಿದ್ಲು. ಅವ್ಳಿಗೆ ಹೇಳಿದ್ದು ನನ್ನ ಸೊಸೆ, ಮತ್ತ್ಯಾರು? ಮಾದೇವ ಸುಮಿತ್ರನ ಕೈ ಹಿಡ್ಕಂಡು, ಒಂದು ತುತ್ತು ಉಣ್ಣದೆ, ಅದೇ ಮಧ್ಯಾಹ್ನದ ಬಸ್ಸಿಗೆ ಬಿಣಗಾಕ್ಕೆ ಹೋದ. ನನ್ನ ಕರೀಲಿಲ್ಲ. ಅಂದಿನಿಂದ ನಾ ಇಲ್ಲಿ, ನಿಮ್ಮಮ್ಮನ ಮನೇಲಿ. ಅಂವ ಈಗ್ಲೂ ಕುಡೀಲಿಲ್ಲ, ಒಳ್ಳೇದಾಗ್ಲಿ, ಆದ್ರೆ ಕೇಣಿಗೆ ಬಂದ್ರೆ ಮೊದ್ಲು ಚಾ ಕುಡಿಯೂದು ಗುಲಾಬಿ ಮನೇಲಿ.

ಇಲ್ಲಿವರೆಗೆ ಊರಿಗೆ ಗೊತ್ತಿದ್ದದ್ದು. ಇನ್ನು ಹೇಳೂದು ಗುಲಾಬಿಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅದೇ ಸಂಜೆ ನಾ ಸೆರಗು ಸಿಕ್ಕಿಸ್ಕಂಡು ಅವ್ಳ ಅಂಗಳಕ್ಕೆ ಹೋದೆ. "ನನ್ನ ಮನೆ ಗುಟ್ಟು ಹತ್ತು ಜನ್ರ ಎದ್ರು ಬಿಚ್ಚೂಕೆ ನೀ ಯಾರೇ, ಗಂಡನ್ನ ತಿಂದವ್ಳೇ?" ಅಂದೆ. ಇನ್ನೂ ಬೇಕಾದಷ್ಟು ಅಂದೆ. ಅವ್ಳು ಒಣಮೀನು ಮಗುಚ್ತಾ ಇದ್ಲು, ಪೂರ್ತಿ ಮಗುಚಿ, ಕೈ ಒರಸ್ಕಂಡು, ಎದ್ದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತ್ಲು. ಅವ್ಳು ಹೇಳಿದ್ದು ಕೇಳ್ಕಣಿ, ಮಕ್ಳೇ, ಬೇಕಾದ್ರೆ ಇದ್ರಲ್ಲೇ ಬುದ್ಧಿ ಕಲ್ತ್ಕಣಿ, ನಾ ಬೇರೆ ಹೇಳೂದಿಲ್ಲ:

"ದೇವಕ್ಕಾ, ಊರಿನ ಎಲ್ಲರ ಮನೆ ಮಾತೂ ನಿನ್ನ ಬಾಯಲ್ಲಿ ಇತ್ತು, ನನ್ನ ಗಂಡನ ಹೆಣ ಏಳೂಕೆ ಮೊದ್ಲೇ ಅವ್ನ ಮಾತೂ ಇತ್ತು. ನಿನ್ನ ಹೊಟ್ಟೇಲಿ ಹುಟ್ಟಿದವ್ನು ಇವತ್ತು ಒಂದೇ ಒಂದು ಮಾತಿಗೆ ನಿನ್ನ ಮುಖ ಕಂಡ. ಆವಾಗ ಬಾಯಿ ಮುಚ್ಕಂಡ್ಯಲೇ."