ಪಂಜರದಕ್ಕನ ಹಸಿರು ಬೆಳಕು

ನಮ್ಮ ಪಂಜರದಕ್ಕನನ್ನು ನೆನೆಯಲು ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ತಾಯಿಯವರಿಗೆ, ಯಜಮಾನರಿಗೆ, ಮಗಳಿಗೆ — ಮತ್ತು ಕೋಲ್ಡ್ ಸ್ಟೋರೇಜಿನಿಂದ ಕೆಲಸದ ಬಟ್ಟೆಯಲ್ಲೇ ಬಂದು ಹಿಂದೆ ನಿಂತಿರುವ ಗೆಳೆಯರಿಗೆ. ಮುಂದೆ ಬನ್ನಿ, ಕುರ್ಚಿಗಳಿವೆ. ಅವರಿದ್ದಿದ್ದರೆ ನಿಮ್ಮನ್ನು ನಿಲ್ಲಲು ಬಿಡುತ್ತಿರಲಿಲ್ಲ.

ನಾನು ಲ್ಯಾಬಿನಲ್ಲಿ ಅವರ ಪಕ್ಕದ ಮೇಜಿನವಳು. ಜೊತೆಗೆ ದುಡಿದಿದ್ದೇವೆ, ಜಗಳವನ್ನೂ ಆಡಿದ್ದೇವೆ.

ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ — ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಿಂದೊಮ್ಮೆ ಬಂದ ಜ್ವರ, ಹೋಗುವಾಗ ಅದನ್ನೂ ಕೊಂಡೊಯ್ದಿತ್ತು. ಹಾಲು ಸೀದು ಪಾತ್ರೆ ಕಪ್ಪಾದರೂ ಪಕ್ಕದಲ್ಲೇ ಓದುತ್ತಾ ಕೂತಿರುತ್ತಿದ್ದರು. "ನನ್ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ ಕಣೇ" ಎಂದು ತಾವೇ ನಗುತ್ತಿದ್ದರು.

ಅವರ ಯಜಮಾನರು ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಅಲ್ಲಿ ತಂಪು ಮಾಡುವುದು ಅಮೋನಿಯಾ. ಸೋರಿದರೆ ಕಣ್ಣು, ಶ್ವಾಸಕೋಶ ಸುಡುವ ಅನಿಲ. ದಿನವೂ ಅದರ ನಡುವೆಯೇ ಇದ್ದು ಯಜಮಾನರ ಮೂಗು ಒಗ್ಗಿಹೋಗಿತ್ತು. ಒಂದು ಸಂಜೆ ಕಣ್ಣು ಕೆಂಡದಂತಾಗಿ ಮನೆಗೆ ಬಂದರು. "ಸೋರಿದ್ದು ಗೊತ್ತೇ ಆಗ್ಲಿಲ್ಲ ಕಣೇ" ಎಂದರಂತೆ.

"ಸರಿಹೋಯ್ತು, ಇಬ್ಬರಿಗೂ ಸೇರಿ ಒಂದೂ ಮೂಗಿಲ್ಲ" ಎಂದು ಇವರು ನಗಿಸಿದರಂತೆ. ಆದರೆ ಮರುದಿನ ಲ್ಯಾಬಿಗೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. "ಸೋರಿದ್ದು ಕಣ್ಣಿಗೆ ಕಾಣೋ ಹಾಗೆ ಮಾಡ್ಬೇಕು. ಇನ್ಮೇಲೆ ನಂಗೆ ಬೇರೆ ಕೆಲಸ ಇಲ್ಲ" ಎಂದರು.

ಅವರು ಮಾಡಿದ್ದು ಒಂದು ಪುಡಿ. ಲೋಹದ ಗಂಟುಗಳು, ಅವನ್ನು ಜೋಡಿಸುವ ಇಂಗಾಲದ ಕಡ್ಡಿಗಳು — ನೋಡಿ, ಹೀಗೆ — ಪಂಜರದ ಪಕ್ಕ ಪಂಜರ, ಕಣ್ಣಿಗೆ ಕಾಣದಷ್ಟು ಸಣ್ಣವು. ನೇರಳಾತೀತ ಟಾರ್ಚ್ ಬಿಟ್ಟರೆ ಪುಡಿ ಆ ಬೆಳಕನ್ನು ಹೀರಿ, ಶಾಖವಾಗಿ ಕಳೆದುಕೊಂಡು ಮಂಕಾಗಿಯೇ ಇರುತ್ತದೆ. ಅಮೋನಿಯಾ ಒಳಹೊಕ್ಕು ಲೋಹಕ್ಕೆ ಅಂಟಿಕೊಂಡಿತೋ — ಹೀರಿದ್ದನ್ನು ಹಸಿರು ಬೆಳಕಾಗಿ ಹಿಂದಿರುಗಿಸುತ್ತದೆ.

ಪುಡಿ ಹಚ್ಚಿದ ಕಾಗದಗಳನ್ನು ಕೋಲ್ಡ್ ಸ್ಟೋರೇಜಿನ ಪೈಪುಗಳ ಉದ್ದಕ್ಕೂ ಅಂಟಿಸಿ ಮೊದಲ ಸಲ ಟಾರ್ಚ್ ಬಿಟ್ಟರೆ — ಎಲ್ಲವೂ ಹಸಿರು. ಜನ ಹೊರಗೋಡಿದರು. ಸೋರಿಕೆಯೇ ಇರಲಿಲ್ಲ. ಅಲ್ಲಿನ ತೇವಕ್ಕೆ ಪಂಜರಗಳು ಕುಸಿದು, ಬಿಡಿಯಾದ ಕಡ್ಡಿಗಳು ತಾವೇ ಹೊಳೆಯುತ್ತಿದ್ದವು. "ಮೇಡಂ, ಡೆಕೋರೇಶನ್ ಚೆನ್ನಾಗಿದೆ" ಎಂದಿದ್ದರು ಮೇಲ್ವಿಚಾರಕರು. ನೆನಪಿದೆಯಾ ಸಾರ್? ಅಂದಿನಿಂದ ಅವರು ಪಂಜರದಕ್ಕ.

ಸಾಕು, ಬಿಟ್ಟುಬಿಡಿ ಎಂದೆ ನಾನು. "ಬಿದ್ದಿದ್ದು ಪಂಜರ ಕಣೇ, ನಾನಲ್ಲ" ಎಂದರು. ಲೋಹ ಬದಲಿಸಿದರು, ಕಡ್ಡಿ ಬದಲಿಸಿದರು. ವರ್ಷಗಳೇ ಹಿಡಿದವು. ಕೊನೆಗೆ ನೀರಿಗೆ ಜಗ್ಗದ ಪಂಜರ ನಿಂತಿತು.

ಕಳೆದ ವರ್ಷ ಕಂಪ್ರೆಸರ್ ಕೋಣೆಯಲ್ಲಿ ಅವರು ಟಾರ್ಚ್ ಬಿಡುತ್ತಿದ್ದಂತೆ, ವಾಲ್ವಿನ ಪಕ್ಕದ ಒಂದೇ ಒಂದು ಕಾಗದ ಹೊಳೆಯಿತು. "ನಂಗೇನೂ ವಾಸನೆ ಬರ್ತಿಲ್ಲ ಅಕ್ಕ" ಎಂದರು ಅಲ್ಲಿದ್ದವರೊಬ್ಬರು.

"ನಂಗೂ ಬರ್ತಿಲ್ಲ. ಕಾಗದಕ್ಕೆ ಬರ್ತಿದೆ. ನಡೀರಿ ಹೊರಗೆ."

ಎಲ್ಲರೂ ಹೊರಬಂದರು. ಮಾಸ್ಕ್ ತೊಟ್ಟು ಒಳಹೋದ ಯಜಮಾನರು ನೋಡಿದರೆ, ವಾಲ್ವಿನ ಸೀಲ್ ಪೂರ್ತಿ ಕಿತ್ತುಹೋಗುವುದರಲ್ಲಿತ್ತು. ಆ ದಿನ ಒಳಗಿದ್ದವರು — ಇವತ್ತು ಇಲ್ಲಿದ್ದಾರೆ.

ಆಮೇಲೆ ಪಂಜರದಕ್ಕನ ಹೃದಯ ಸೋತಿತು. ಆಸ್ಪತ್ರೆಯ ಹಾಸಿಗೆಯಲ್ಲೂ ನನ್ನನ್ನು ಕೇಳಿದ್ದು ಒಂದೇ: "ಟಾರ್ಚ್ ಹಿಡಿಯೋರು ಯಾರೂ ಇಲ್ದಾಗ ಏನ್ ಮಾಡ್ತೀಯ? ಕಾಗದಾನೇ ಗಂಟೆ ಬಾರಿಸ್ಬೇಕು."

ಮೊನ್ನೆ ಲ್ಯಾಬಿನಲ್ಲಿ ಪರೀಕ್ಷೆಗೆಂದು ಚೂರು ಅಮೋನಿಯಾ ಬಿಟ್ಟಾಗ ಅದು ಬಾರಿಸಿತು. ಕಾಗದದೆದುರು ಒಂದು ನೇರಳಾತೀತ ದೀಪ, ಹಸಿರನ್ನು ಗುರುತಿಸುವ ಪುಟ್ಟ ಕಣ್ಣು, ಒಂದು ಗಂಟೆ — ಇಡೀ ಕಟ್ಟಡಕ್ಕೆ ಕೇಳಿಸಿತು. ಲ್ಯಾಬಿನವರೆಲ್ಲ ಕಿವಿ ಮುಚ್ಚಿಕೊಂಡೆವು, ಕುಣಿದೆವು, ಆಮೇಲೆ ಅತ್ತೆವು. ಅಮ್ಮಾ, ನಿಮ್ಮ ಮಗಳ ಕೆಲಸ ನಿಂತಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲೋಣ. ಒಂದಿಷ್ಟು ಹೊತ್ತು — ಮಾತಿಲ್ಲದೆ — ಅವರೊಂದಿಗೆ ಇರೋಣ.