ಬಲಗಡೆಯ ಗಾಳಿ

...ಮೆತ್ತಗೆ ಮಾತಾಡು ಮಾರಾಯ್ತಿ, ಇದು ಆಸ್ಪತ್ರೆ! ಬಾಗಿಲ ಆಚೆ ಮಲಗಿರೋಳು ನನ್ನ ಮಗಳೂ ಹೌದು. ನಾನೇನು ಎದೆ ಬಡ್ಕೋತಿದೀನಾ?

ಏನು ದುರುಗುಟ್ಟಿ ನೋಡೋದು? ಈ ಉಬ್ಬಸ ನಿಮ್ಮಪ್ಪನ ಕಡೆ ಬಳುವಳಿ ಅಂದೆ. ಹೌದು, ಅಂದೆ! ನಿಮ್ಮನೇಲಿ ಗೊರಗೊರ ಅನ್ನದೆ ಮಾತಾಡೋರು ಯಾರಿದ್ದಾರೆ ಹೇಳು? ಓಡಿದ್ರೆ ಎದೆ ಗಟ್ಟಿಯಾಗತ್ತೆ ಅಂತ ಮಗಳನ್ನ ಮೈದಾನದ ಸುತ್ತ ಓಡಿಸ್ದೆ. ಅರ್ಧಕ್ಕೇ ಕುಸಿದು ಕೂತ್ಲು, ನಾಟಕದವಳು... ನೀನು ಕಲಿಸಿದ್ದೇ ತಾನೆ?

ಆ ಡಾಕ್ಟರಮ್ಮನೂ ಸರಿಯಾಗೇ ಇದಾಳೆ! ಮಕ್ಕಳ ಉಸಿರಾಟದ ಸಂಶೋಧನೆಯಂತೆ. ಉಸಿರು ಎಳ್ಕೊಂಡಾಗ ಒಂದು ಸಿಟಿ ಸ್ಕ್ಯಾನ್, ಪೂರ್ತಿ ಬಿಟ್ಟ ಮೇಲೆ ಇನ್ನೊಂದು. ಒಂದು ಸಾಲ್ದಾ ಅಂದ್ರೆ, ಎಳ್ಕೊಂಡಾಗ ಎರಡೂ ಕಡೆ ಒಂದೇ ಥರ ಕಾಣತ್ತಂತೆ. ಬಿಟ್ಟಾಗ ಬಲಗಡೆ ಶ್ವಾಸಕೋಶ ಖಾಲಿನೇ ಆಗ್ಲಿಲ್ವಂತೆ. ಗಾಳಿ ಒಳಗೇ ಸಿಕ್ಕೊಂಡಿದೆ, ಕೊಳವೇಲಿ ಏನೋ ಅಡ್ಡ ಕೂತಿದೆ ಅಂತಾಳೆ. ಎಕ್ಸ್‌ರೇಲಿ ಕಾಣದ್ದು ಇವಳಿಗೆ ಕಂಡ್ಬಿಡ್ತು, ನೋಡು!

ಸರಿ ಬಿಡು, ತೆಗೀತಾರಲ್ಲ. ಈಗ ಬಂದು ಕೇಳ್ತಾಳೆ, ಯಾವಾಗ ಒಳಗೆ ಹೋಯ್ತು ಅಂತ. ನೀನೇ ಹೇಳ್ಬಿಡು... ಅಡುಗೆಮನೇಲಿದ್ದೆ, ನೋಡ್ಲಿಲ್ಲ, ಹೋದ ವಾರ ಅಂತ. ತಾಯಿಗೆ ಯಾರೂ ಏನೂ ಅನ್ನಲ್ಲ.

ಗೊತ್ತು, ಗೊತ್ತು! ಹಳೇದಾದ್ರೆ ಸುತ್ತ ಮಾಂಸ ಬೆಳ್ದಿರತ್ತೆ, ರಕ್ತ ಬರತ್ತೆ, ಅದಕ್ಕೆ ಬೇರೆ ತಯಾರಿ ಬೇಕು ಅಂದ್ಲು. ನಾನೂ ಕೇಳಿಸ್ಕೊಂಡೆ. ಹಂಗಂತ ಮಾನ ಕಳ್ಕೊಳ್ಳೋಕಾಗತ್ತಾ?

ಏನು, ಮಗೂನೇ ಕೇಳ್ತೀಯಾ? ಕೇಳು, ಹೋಗು! ಅವಳು ಬಾಯಿ ಬಿಡಲ್ಲ. ಒಂದ್ಸಲ ಹೇಳ್ಬೇಡ ಅಂದ್ರೆ ಹೇಳಲ್ಲ... ಅಂದ್ರೆ, ಸಣ್ಣ ಮಕ್ಕಳಿಗೆ ಏನು ನೆನಪಿರತ್ತೆ ಅಂದೆ.

ಎಲ್ಲಾ ಅವಳದೇ ತಪ್ಪು ಕಣೇ! ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಗ್ಗಿ ಒಪ್ಪಿಸು ಅಂದ್ರೆ ಪೆನ್ನಿನ ಆ ಕೆಂಪು ಮುಚ್ಚಳ ಕಚ್ಕೊಂಡು ಗೊಂಬೆ ಥರ ಕೂತಿರ್ತಾಳೆ. ಈಗ ಅನುಭವಿಸ್ಲಿ!

...ಏನು, ಒಳಗಿರೋದು ಮುಚ್ಚಳ ಅಂತ ನಂಗೆ ಹೆಂಗೆ ಗೊತ್ತು ಅಂತೀಯಾ?

ಕೆಂಪು ಅಂದಿದ್ದು... ಡಾಕ್ಟರೇ ತೋರಿಸಿದ್ಲಲ್ಲ, ಕಂಪ್ಯೂಟರಲ್ಲಿ. ಹ್ಞೂಂ, ಸ್ಕ್ಯಾನು ಕಪ್ಪು ಬಿಳುಪೇ... ಮುಚ್ಚಳ ಅಂತಾನೂ ಅವಳು... ಅನ್ಲಿಲ್ವಾ?

ಏಯ್, ಎದ್ದು ಎಲ್ಲಿಗೆ? ಕೂತ್ಕೋ! ಡಾಕ್ಟರ್ ಹತ್ರ ಬೇಡ... ಬೇಸಿಗೆ ರಜೆಗೂ ಮುಂಚಿನ ಮಾತು ಅದು, ಈಗ ಯಾಕೆ?

ಮಗ್ಗಿ ಹೇಳ್ಲಿಲ್ಲ ಅಂತ ಬೆನ್ನಿಗೆ ಒಂದೇ ಒಂದು ಏಟು ಕಣೇ! ಒಂದೇ...