ಬಾಳೆಹಣ್ಣಿನ ಮೇಲೆ ಅಂಟಿಸುವ ಚೀಟಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಪಾದ್ರಿಗಳೇ, ಮಚಾಲಾ ಬಂದರಿನಿಂದ ಬಂದಿರುವ ಅತಿಥಿಗಳೇ, ನಮ್ಮ ಬಾಳೆ ಬೆಳೆಗಾರರ ಸಂಘದ ಸಭಿಕರೇ,

ಅಧ್ಯಕ್ಷರನ್ನು ಮೊದಲು ನೆನೆಯುವುದು ಪದ್ಧತಿ. ಇಂದು ಅದಕ್ಕೆ ಸ್ವಲ್ಪ ಭಯವೂ ಸೇರಿದೆ. ಅಧ್ಯಕ್ಷರಾದ ಶ್ರೀಮತಿ ಸೊಯ್ಲಾ ನನ್ನ ಹೆಂಡತಿ. ಸಭೆ ಮುಗಿದ ಮೇಲೆ ನಾನು ಅವರ ಜೊತೆಯೇ ಮನೆಗೆ ಹೋಗಬೇಕು.

ಮಾಜಿ ಅಧ್ಯಕ್ಷನಾದ ನನ್ನನ್ನು ಬೀಳ್ಕೊಡುವ ಈ ಸಮಾರಂಭದಲ್ಲಿ ನಮ್ಮ ಹಣ್ಣಿಗೆ ಅಂಟಿಸುವ ಚೀಟಿಯ ಬಗ್ಗೆ ಮಾತನಾಡಲು ಹೇಳಿದ್ದಾರೆ. ಏನಿದು ಚೀಟಿ? ನ್ಯಾಯದ ವ್ಯಾಪಾರದ ಗುರುತು. ಬೆಳೆದವರಿಗೆ ಸರಿಯಾದ ಬೆಲೆ, ದುಡಿದವರಿಗೆ ಮರ್ಯಾದೆ ಸಿಕ್ಕಿದೆ ಎಂದು ಸಮುದ್ರದಾಚೆ ಹಣ್ಣು ಸುಲಿಯುವವರಿಗೆ ಅದು ಭರವಸೆ ಕೊಡುತ್ತದೆ. ಅದಿಲ್ಲದಿದ್ದರೆ ದಲ್ಲಾಳಿ ಹೇಳಿದ್ದೇ ಬೆಲೆ. ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿಲ್ಲ! ಎಷ್ಟು ಸಭೆಗಳಲ್ಲಿ ನೀವು ನಿದ್ದೆ ಮಾಡಿಲ್ಲ!

ಕಳೆದ ವರ್ಷ ಚೀಟಿ ಕೊಡುವ ಸಂಸ್ಥೆಯ ತಪಾಸಣೆಗೆ ರಾಜಧಾನಿ ಕೀಟೊದಿಂದ ಒಬ್ಬ ಹೆಣ್ಣುಮಗಳು ಬಂದರು. ಚೀಟಿ ಅಂಟಿಸುವ ಹೆಂಗಸರಲ್ಲಿ ಸೊಯ್ಲಾಳೇ ಹಿರಿಯಳು. ಆದ್ದರಿಂದ ಬೆಳಿಗ್ಗೆ ಬಾಳೆಕಾಯಿ ಉಂಡೆ ತಿನ್ನುತ್ತಾ ಅವಳಿಗೆ ಪಾಠ ಹೇಳಿಕೊಟ್ಟೆ.

"ಆ ಮೇಡಂ ಕೇಳಿದ್ರೆ, 'ಸಂಘದಲ್ಲಿ ನಮ್ಮ ಮಾತು ಕೇಳ್ತಾರೆ' ಅನ್ನು, ಸಾಕು."

"ಯಾರು ಕೇಳ್ತಾರೆ?"

"ನಾನು ಕಣೇ!"

"ಯಾವಾಗ?"

ಹೊತ್ತಾಗಿತ್ತು, ನಾನು ಹೊರಟುಬಿಟ್ಟೆ.

ಹಣ್ಣು ತೊಳೆದು ಡಬ್ಬ ತುಂಬುವ ಶೆಡ್ಡಿನಲ್ಲಿ ಆ ಹೆಣ್ಣುಮಗಳು ಸೊಯ್ಲಾಳನ್ನು ಕೇಳಿದರು, "ಅಕ್ಕಾ, ಸಂಘದ ಸಭೇಲಿ ಹೆಂಗಸರು ಮಾತಾಡ್ತೀರಾ?"

"ಓಹೋ, ಬೇಕಾದಷ್ಟು!" ಎಂದೆ ನಾನು.

"ನಾನು ಅವರನ್ನ ಕೇಳಿದ್ದು."

"ಅವಳೂ ಇದನ್ನೇ ಹೇಳೋದು, ಮೇಡಂ."

ಈಗ ನಗುತ್ತೀರಿ. ಅಂದು ಯಾರೂ ನಗಲಿಲ್ಲ. ಸೊಯ್ಲಾ ಕೈಯ ಅಂಟು ಒರೆಸಿಕೊಂಡು, "ಮೇಡಂ, ಮೊದಲು ನಮ್ಮ ಶೌಚಾಲಯ ನೋಡಿ" ಎಂದಳು.

"ಎಲ್ಲಿದೆ?"

"ನಾವೂ ಅದನ್ನೇ ಕೇಳ್ತಿರೋದು! ತೋಟದೊಳಗೇ ಕೂರಬೇಕು. ಪಕ್ಕದ ದೊಡ್ಡ ಎಸ್ಟೇಟಿನ ವಿಮಾನ ಔಷಧಿ ಸುರಿಸ್ಕೊಂಡು ಬರುತ್ತೆ. ಏಳೋಕೂ ಆಗಲ್ಲ, ಓಡೋಕೂ ಆಗಲ್ಲ."

ತೋಳು ಮೇಲೆತ್ತಿ ತೋರಿಸಿದಳು. ಮೊಣಕೈವರೆಗೂ ಕೆಂಪು ಬೊಕ್ಕೆ. ಆ ಬೊಕ್ಕೆಗಳು ನನಗೆ ಹೊಸವಲ್ಲ. ಹಣ್ಣು ತೊಳೆಯುವ ತೊಟ್ಟಿಯ ಸೋಪಿನಿಂದ ಆದದ್ದೆಂದು ತೀರ್ಮಾನಿಸಿ ಸಂಘಕ್ಕೆ ಬೇರೆ ಸೋಪು ತರಿಸಿದ್ದೆ. ಅಧ್ಯಕ್ಷನಾದವನು ಇನ್ನೇನು ಮಾಡಬೇಕು, ಹೇಳಿ?

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಸಭೇಲಿ ಎದ್ದು ನಿಂತಿದ್ದೆ. ಕೂತ್ಕೋ, ಮನೇಲಿ ಮಾತಾಡೋಣ ಅಂದ್ರಿ. ಮನೇಲಿ ಫುಟ್‌ಬಾಲ್ ನೋಡ್ತಿದ್ರಿ."

ಶೌಚಾಲಯ ಆಗುವವರೆಗೆ ಚೀಟಿ ಇಲ್ಲ ಎಂದು ತಪಾಸಣೆಯವರು ಹೊರಟುಹೋದರು. ದಲ್ಲಾಳಿಗಳು ಹಲ್ಲು ಕಿರಿಯುತ್ತಾ ಬಂದರು. ಇಡೀ ಊರೇ ಇಟ್ಟಿಗೆ ಹೊತ್ತಿತು, ನಾನೂ ಹೊತ್ತೆ. ಹೆಂಗಸರು ಎಸ್ಟೇಟಿನ ಗೇಟಿನ ಮುಂದೆ ಕುಳಿತರು; ಈಗ ವಿಮಾನ ಹಾರುವ ಮೊದಲು ಅಲ್ಲಿ ಸೈರನ್ ಕೂಗುತ್ತದೆ. ಶೌಚಾಲಯದ ಬಾಗಿಲಿಗಂತೂ ಎಂಥ ಚಿಲಕ! ನಮ್ಮ ಮಲಗುವ ಕೋಣೆಗೂ ಅಷ್ಟು ಗಟ್ಟಿ ಚಿಲಕವಿಲ್ಲ. ಅಧ್ಯಕ್ಷರು ಕೆಮ್ಮುತ್ತಿದ್ದಾರೆ, ಇರಲಿ. ಚೀಟಿ ವಾಪಸು ಬಂತು.

ಆಮೇಲೆ ಚುನಾವಣೆ, ನಾನೂ ಸೊಯ್ಲಾಳೂ ಎದುರುಬದುರು. ಗುಪ್ತ ಮತದಾನ. ನನಗೆ ಬಿದ್ದ ಮತ ಸೊನ್ನೆ. ಪಾದ್ರಿಗಳು ಅದನ್ನು ಓದಿ ಹೇಳಿದಾಗ ನೀವೆಲ್ಲ ಬೆಂಚು ಬಡಿದು ನಕ್ಕಿರಿ. ನಗಿ, ಬೇಡವೆನ್ನುವುದಿಲ್ಲ. ಆದರೆ ಮಹನೀಯರೇ, ನನಗೂ ಒಂದು ಮತವಿತ್ತಲ್ಲ? ಅದು ಎಲ್ಲಿ ಹೋಯಿತು ಎಂದು ನಿಮ್ಮಲ್ಲಿ ಒಬ್ಬರಾದರೂ ಯೋಚಿಸಿದಿರಾ? ಅಧ್ಯಕ್ಷರೂ ಈವರೆಗೆ ಯೋಚಿಸಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿದೆ.

ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.